ಗಾಯ ಯಾವುದು, ಹುಟ್ಟುಮಚ್ಚೆ ಯಾವುದು: ಹಳೆಯ ನುವಾರ್ ಚಿತ್ರವನ್ನು ರೀಲಿನಿಂದ ಡಿಸ್ಕಿಗೆ ತರುವ ಬಗೆ

ಹಳೆಯ ಚಿತ್ರವೊಂದರ ಸ್ಕ್ಯಾನು ಮಾನಿಟರ್ ಮೇಲೆ ಬಂದು ನಿಂತ ಕೂಡಲೇ ಕೈ ಸುಮ್ಮನಿರುವುದಿಲ್ಲ. ಗೀರು ಅಳಿಸೋಣ, ಮಬ್ಬು ತೆಗೆಯೋಣ, ಕತ್ತಲಿರುವ ಕಡೆ ಸ್ವಲ್ಪ ಬೆಳಕು ಹಾಕೋಣ ಅನ್ನಿಸುತ್ತದೆ. ಆಗ ಒಂದು ನಿಮಿಷ ಕೈ ಕಟ್ಟಿ ಕೂರಬೇಕು. ಕಾಣುತ್ತಿರುವುದು ಕಾಲ ಮಾಡಿದ ಗಾಯವೋ, ಚಿತ್ರದ ಹುಟ್ಟುಮಚ್ಚೆಯೋ ಎಂದು ಕೇಳಿಕೊಳ್ಳಬೇಕು. ಗಾಯಕ್ಕೆ ಮದ್ದು ಹಾಕಿ, ಮಚ್ಚೆಯನ್ನು ಮುಟ್ಟಬೇಡಿ. ಮುಂದಿನ ಹೆಜ್ಜೆಗಳೆಲ್ಲ ಇದೇ ಪ್ರಶ್ನೆಯ ಸುತ್ತ ತಿರುಗುತ್ತವೆ.

ಉದಾಹರಣೆಗೆ ಒಂದೇ ಚಿತ್ರವನ್ನು ಹಿಡಿದುಕೊಳ್ಳುತ್ತೇನೆ: ಎಡ್ಗರ್ ಜಿ. ಉಲ್ಮರ್ ನಿರ್ದೇಶಿಸಿದ, 1945ರ ‘ಡೀಟೂರ್’. ಕತ್ತಲೆ-ನೆರಳುಗಳಲ್ಲೇ ಹೇಳುವ ಅಪರಾಧದ ಕಥೆಗಳಿಗೆ ನುವಾರ್ ಎನ್ನುತ್ತಾರೆ, ಇದು ಆ ಬಗೆಯದು. ನ್ಯೂಯಾರ್ಕಿನ ನೈಟ್‌ಕ್ಲಬ್ಬಿನಲ್ಲಿ ಪಿಯಾನೊ ನುಡಿಸುವ ಅಲ್ ಎಂಬವನು ಲಾಸ್ ಏಂಜಲೀಸ್‌ಗೆ ಹೋದ ಪ್ರೇಯಸಿಯನ್ನು ಸೇರಲು ಕಂಡಕಂಡ ಕಾರುಗಳಿಗೆ ಕೈಯೊಡ್ಡುತ್ತ ಹೊರಡುತ್ತಾನೆ. ದಾರಿಯಲ್ಲಿ ಅವನ ಬದುಕೇ ದಾರಿ ತಪ್ಪುತ್ತದೆ. 69 ನಿಮಿಷದ ಈ ಚಿತ್ರವನ್ನು ಮಾಡಿದ್ದು ಪಿಆರ್‌ಸಿ ಎಂಬ ಕಡಿಮೆ ಬಂಡವಾಳದ ಸಂಸ್ಥೆ. ಹಕ್ಕನ್ನು ಯಾರೂ ನವೀಕರಿಸದೆ ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಆಮೇಲೆ ದಶಕಗಳ ಕಾಲ ಪ್ರತಿಯ ಪ್ರತಿಯ ಪ್ರತಿ ಟಿವಿಯಲ್ಲಿ, ವಿಎಚ್‌ಎಸ್‌ನಲ್ಲಿ, ಅಗ್ಗದ ಡಿವಿಡಿಗಳಲ್ಲಿ ಓಡಾಡಿತು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ 1992ರಲ್ಲಿ ಸೇರಿದ ಚಿತ್ರವನ್ನು ಜನ ನೋಡುತ್ತಿದ್ದುದು ಬೂದಿ ಎರಚಿದಂಥ ಪ್ರತಿಗಳಲ್ಲಿ. 2018ರಲ್ಲಿ ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ಫಿಲ್ಮ್ ಫೌಂಡೇಷನ್ ಸೇರಿ ಇದನ್ನು 4ಕೆಯಲ್ಲಿ ಪುನರುಜ್ಜೀವಗೊಳಿಸಿದವು. ಮರುವರ್ಷ ಕ್ರೈಟೀರಿಯನ್ ಎಂಬ ಡಿಸ್ಕ್ ಸಂಸ್ಥೆ ಬ್ಲೂ-ರೇ ತಂದಿತು.

ಎಡಿಟಿಂಗ್, ಗ್ರೇಡಿಂಗ್ (ಶಾಟುಗಳ ಬೆಳಕು-ಕಪ್ಪನ್ನು ಹೊಂದಿಸುವ ಕೆಲಸ) ಕಲಿಯುತ್ತಿರುವವರು, ಫಿಲ್ಮ್ ಸೊಸೈಟಿ ನಡೆಸುವವರು, ಅಟ್ಟದ ಮೇಲೆ ರೀಲಿನ ಡಬ್ಬಿ ಸಿಕ್ಕಿ ಏನು ಮಾಡಬೇಕೆಂದು ತಿಳಿಯದವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಹೆಜ್ಜೆ 1: ಹಕ್ಕು ಯಾರದು?

ಇದನ್ನು ಮುಗಿಸದೆ ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ. ಭಾರತದಲ್ಲಿ ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯಾದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇರುತ್ತದೆ. ಕಥೆ, ಹಾಡುಗಳ ಹಕ್ಕಿನ ಲೆಕ್ಕ ಬೇರೆ; ಅದನ್ನೂ ವಿಚಾರಿಸಿ. ಚಿತ್ರ ಸಾರ್ವಜನಿಕ ಸ್ವತ್ತಾಗಿದ್ದರೂ ಬೇರೊಬ್ಬರು ದುಡಿದು ಹೊರತಂದ ಡಿಸ್ಕಿನಿಂದ ಎತ್ತಿಕೊಳ್ಳುವುದು ಸರಿಯಲ್ಲ. ನಿಮ್ಮ ಕೆಲಸ ಫಿಲ್ಮಿನಿಂದಲೇ ಶುರುವಾಗಲಿ.

ಹೆಜ್ಜೆ 2: ಪ್ರತಿಗಳನ್ನು ಹುಡುಕಿ, ಎಲ್ಲ ಕಡೆ ಹುಡುಕಿ

ಮೊದಲ ಸ್ಥಾನ ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್‌ಗೆ. ಅದರ ನಂತರ, ಅದರಿಂದ ತೆಗೆದ ಮಾಸ್ಟರ್ ಪಾಸಿಟಿವ್. ಆಮೇಲೆ ಡ್ಯೂಪ್ ನೆಗೆಟಿವ್ (ನಕಲು ನೆಗೆಟಿವ್), ಥಿಯೇಟರ್ ಪ್ರಿಂಟ್, ಕೊನೆಗೆ 16 ಎಂಎಂ ಪ್ರತಿ. ಜೆರಾಕ್ಸಿನ ಜೆರಾಕ್ಸ್ ತೆಗೆದರೆ ಅಕ್ಷರದ ಸುತ್ತ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ: ಒಂದೊಂದು ತಲೆಮಾರು ಇಳಿದಂತೆ ಕಪ್ಪಿನೊಳಗಿನ ವಿವರ ಮುಚ್ಚಿಹೋಗುತ್ತದೆ, ಬಿಳಿ ಉರಿಯುತ್ತದೆ. ಬೇರೆ ಬಗೆಯ ಚಿತ್ರವಾದರೆ ಸಹಿಸಬಹುದು. ನುವಾರ್‌ನಲ್ಲಿ ಕಥೆಯ ಅರ್ಧ ಇರುವುದು ಕಪ್ಪಿನೊಳಗೇ. ಟೋಪಿಯ ನೆರಳಿನಡಿ ಕಣ್ಣು ಕಾಣುತ್ತದೋ ಇಲ್ಲವೋ ಎಂಬುದರ ಮೇಲೆ ದೃಶ್ಯದ ಅರ್ಥ ನಿಂತಿರುತ್ತದೆ.

‘ಡೀಟೂರ್’ಗೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿ ಸಾಮಗ್ರಿ ಇತ್ತು, ಆದರೆ ಅಷ್ಟರಿಂದಲೇ ಕೆಲಸ ಮುಗಿಯುವಂತಿರಲಿಲ್ಲ. ದಾರಿ ತೆರೆದದ್ದು ಬೆಲ್ಜಿಯಂ. ಅಲ್ಲಿನ ಚಿತ್ರ ಸಂಗ್ರಹಾಲಯವಾದ ಸಿನೆಮಾಟೆಕ್‌ನಲ್ಲಿ ನೈಟ್ರೇಟ್ (ಬೇಗ ಹೊತ್ತಿಕೊಳ್ಳುವ ಹಳೆಯ ಬಗೆಯ ಫಿಲ್ಮ್) ಪ್ರತಿಯೊಂದು ಒಳ್ಳೆಯ ಸ್ಥಿತಿಯಲ್ಲಿ ಉಳಿದಿತ್ತು. ತೊಡಕು ಒಂದೇ. ಅದು ಬೆಲ್ಜಿಯಂ ಪ್ರೇಕ್ಷಕರಿಗಾಗಿ ಮಾಡಿದ ಪ್ರತಿಯಾದ್ದರಿಂದ ಫ್ರೆಂಚ್ ಮತ್ತು ಫ್ಲೆಮಿಷ್ ಉಪಶೀರ್ಷಿಕೆಗಳು ಚಿತ್ರದ ಮೇಲೆಯೇ ಅಚ್ಚಾಗಿ ಕೂತಿದ್ದವು. ತಂಡ ಅಳುಕದೆ ಆ ಪ್ರತಿಯನ್ನೇ ಆರಿಸಿಕೊಂಡಿತು. ಅಕ್ಷರವನ್ನು ಅಳಿಸಬಹುದು, ಕಳೆದುಹೋದ ನೆರಳನ್ನು ಎಲ್ಲಿಂದ ತರುವುದು?

ಆದ್ದರಿಂದ ಹುಡುಕುವಾಗ ಚಿತ್ರ ಹುಟ್ಟಿದ ಊರಿನಲ್ಲೇ ನಿಲ್ಲಬೇಡಿ. ಹೊರದೇಶಕ್ಕೆ ಹೋದ ಪ್ರಿಂಟುಗಳು ಎಷ್ಟೋ ಸಲ ವಾಪಸು ಬರುತ್ತಲೇ ಇರಲಿಲ್ಲ. ಡಬ್ ಆದದ್ದು, ಉಪಶೀರ್ಷಿಕೆ ಇದ್ದದ್ದು, ಒಂದು ರೀಲು ಕಡಿಮೆಯಾದದ್ದು, ಎಲ್ಲವನ್ನೂ ಪಟ್ಟಿಗೆ ಸೇರಿಸಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ನಮ್ಮ ಮನೆಯದೇ ಒಂದು ಮಾತು ಇಲ್ಲಿ ಹೇಳಬೇಕು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಪುನರುಜ್ಜೀವಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತಲ್ಲ, ಆ ಕೆಲಸದಲ್ಲಿ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಜೊತೆ ಕೈಜೋಡಿಸಿದ್ದು ಇದೇ ಫಿಲ್ಮ್ ಫೌಂಡೇಷನ್ನಿನ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್. ‘ಘಟಶ್ರಾದ್ಧ’ದ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಮತ್ತೆ ಉಸಿರಾಡಿದ್ದು ಅದರ ಪುಣ್ಯದಿಂದ. ಎಲ್ಲ ಕನ್ನಡ ಚಿತ್ರಗಳಿಗೆ ಈ ಭಾಗ್ಯ ಇಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಹೆಜ್ಜೆ 3: ಡಬ್ಬಿ ತೆರೆಯುವ ಮೊದಲು

1950ರ ದಶಕದ ಶುರುವಿಗೆ ಮುಂಚಿನ 35 ಎಂಎಂ ರೀಲು ಕೈಗೆ ಬಂದರೆ ಅದು ನೈಟ್ರೇಟ್ ಎಂದೇ ತಿಳಿಯಿರಿ. ನೈಟ್ರೇಟ್ ಉರಿಯುವಾಗ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನೀರಿನೊಳಗೆ ಮುಳುಗಿಸಿದರೂ ಉರಿಯುತ್ತದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ 2003ರ ಜನವರಿಯಲ್ಲಿ ಬಿದ್ದ ಬೆಂಕಿಗೆ ನಮ್ಮ ದೇಶದ ನೈಟ್ರೇಟ್ ರೀಲುಗಳ ರಾಶಿಯೇ ಆಹುತಿಯಾಯಿತು. ಅಂಥದ್ದನ್ನು ಮನೆಯಲ್ಲಿ ಬಿಚ್ಚಬೇಡಿ, ಪ್ರೊಜೆಕ್ಟರಿಗೆ ಹಾಕಬೇಡಿ, ಕೊರಿಯರ್‌ನಲ್ಲಿ ಕಳಿಸಬೇಡಿ. ಸಂಗ್ರಹಾಲಯಕ್ಕೆ ಫೋನು ಮಾಡಿ.

ಆಮೇಲೆ ಬಂದ ಅಸಿಟೇಟ್ ಫಿಲ್ಮಿನ ರೋಗ ಬೇರೆ. ಮುಚ್ಚಳ ಎತ್ತಿದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ ಅದು ಹುಳಿಯಾಗತೊಡಗಿದೆ ಎಂದರ್ಥ. ಹೊರಬಂದ ಆಮ್ಲವೇ ಮತ್ತಷ್ಟು ಆಮ್ಲ ಹುಟ್ಟಿಸುತ್ತದೆ. ಒಂದು ಹುಳಿ ಡಬ್ಬಿಯ ಪಕ್ಕ ಇಟ್ಟ ಒಳ್ಳೆಯ ರೀಲಿಗೂ ಅದು ತಗಲುತ್ತದೆ. ಮಂಗಳೂರಿನ ಸೆಕೆಯಲ್ಲಿ, ಹೆಂಚಿನ ಮನೆಯ ಅಟ್ಟದಲ್ಲಿ ಈ ರೋಗ ಓಡುತ್ತದೆ. ವಾಸನೆ ಬಂದ ಡಬ್ಬಿಯನ್ನು ಇಂದೇ ಬೇರೆ ಇಡಿ.

ಪರೀಕ್ಷೆಯ ಮೇಜಿನ ಮೇಲೆ ರೀಲನ್ನು ಮೋಟಾರಿಲ್ಲದೆ ಕೈಯಿಂದಲೇ ಸುತ್ತಿ. ಎಡಗೈಯ ಬೆರಳ ತುದಿಗಳ ನಡುವೆ ಫಿಲ್ಮಿನ ಎರಡೂ ಅಂಚು ಹಾಯುತ್ತಿರಲಿ, ಕೈಗವಸು ಇರಲಿ. ಹರಿದ ತೂತು, ಬಿಟ್ಟುಕೊಂಡ ಜಾಯಿಂಟು ಕಣ್ಣಿಗೆ ಬೀಳುವ ಮೊದಲೇ ಬೆರಳಿಗೆ ತಗಲುತ್ತದೆ. ಪಕ್ಕದಲ್ಲಿ ಒಂದು ನೋಟುಪುಸ್ತಕ ಇಟ್ಟುಕೊಂಡು ‘ಇಷ್ಟನೇ ಅಡಿಯಲ್ಲಿ ಇಂಥದ್ದು’ ಎಂದು ಬರೆಯುತ್ತ ಹೋಗಿ. 35 ಎಂಎಂನಲ್ಲಿ ಒಂದು ಅಡಿಗೆ 16 ಫ್ರೇಮು, ಒಂದು ನಿಮಿಷಕ್ಕೆ 90 ಅಡಿ. 69 ನಿಮಿಷಕ್ಕೆ 6,210 ಅಡಿ. ಅಷ್ಟನ್ನೂ ಬೆರಳುಗಳ ನಡುವೆ ಹಾಯಿಸಬೇಕು. ಫಿಲ್ಮ್ ಎಷ್ಟು ಕುಗ್ಗಿದೆ ಎಂದು ಅಳೆಯಿರಿ. ನೂರಕ್ಕೆ ಒಂದು ಭಾಗ ಕುಗ್ಗಿದ್ದರೂ ಹಲ್ಲಿನ ಚಕ್ರದ ಯಂತ್ರಕ್ಕೆ ಹಾಕಿದರೆ ಹರಿಯುವ ಅಪಾಯವಿದೆ. ಈಗಿನ ಸ್ಕ್ಯಾನರುಗಳಲ್ಲಿ ಹಲ್ಲಿಲ್ಲದ ರೋಲರುಗಳಿವೆ, ಅಂಥದ್ದನ್ನೇ ಕೇಳಿ.

ಹೆಜ್ಜೆ 4: ಸ್ಕ್ಯಾನ್

ಇಲ್ಲಿ ಉಳಿತಾಯ ಮಾಡಹೋಗಬೇಡಿ. ಬಡಕಲು ಸ್ಕ್ಯಾನನ್ನು ಮುಂದೆ ಯಾವ ಸಾಫ್ಟ್‌ವೇರೂ ಎತ್ತಿ ನಿಲ್ಲಿಸಲಾರದು. 35 ಎಂಎಂ ಫ್ರೇಮನ್ನು ಪೂರ್ತಿ ಅಗಲಕ್ಕೆ 4ಕೆ ಸ್ಕ್ಯಾನ್ ಮಾಡಿದರೆ 4096 × 3112 ಪಿಕ್ಸೆಲ್. 10 ಬಿಟ್ ಡಿಪಿಎಕ್ಸ್ (ಒಂದೊಂದು ಫ್ರೇಮನ್ನೂ ಬೇರೆಬೇರೆಯಾಗಿ ಉಳಿಸುವ ಬಗೆ) ಕಡತವಾದರೆ ಒಂದು ಫ್ರೇಮಿಗೆ ಸುಮಾರು 50 ಎಂಬಿ. 69 ನಿಮಿಷದ ಚಿತ್ರದಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಫ್ರೇಮುಗಳಿರುತ್ತವೆ. ಅಂದರೆ ಒಂದೇ ಪ್ರತಿಗೆ ಐದು ಟೆರಾಬೈಟ್. ಎರಡು ಪ್ರತಿ ಬಳಸಿದರೆ ಹತ್ತು. ಹಾರ್ಡ್‌ಡಿಸ್ಕಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಫಿಲ್ಮಿನ ಬೆನ್ನ ಬದಿಯಲ್ಲಿ ಗೀರುಗಳು ಹೆಚ್ಚಿದ್ದರೆ ವೆಟ್ ಗೇಟ್ ಇರುವ ಲ್ಯಾಬ್ ನೋಡಿ. ಅಲ್ಲಿ ಫ್ರೇಮು ಒಂದು ದ್ರವದಲ್ಲಿ ಅದ್ದಿಕೊಂಡು ಬೆಳಕಿನ ಮುಂದೆ ಹಾಯುತ್ತದೆ. ದ್ರವ ಗೀರಿನ ಕಾಲುವೆಯೊಳಗೆ ತುಂಬಿಕೊಂಡು ಬೆಳಕು ಅಡ್ಡಾದಿಡ್ಡಿ ಚದುರದಂತೆ ನೋಡಿಕೊಳ್ಳುತ್ತದೆ, ಗೀರು ಮಾಯವಾಗುತ್ತದೆ. ಎಮಲ್ಷನ್ (ಚಿತ್ರ ಮೂಡಿರುವ ಪದರ) ಬದಿಯ ಗೀರಿಗೆ ಇದು ನಡೆಯುವುದಿಲ್ಲ. ಅಲ್ಲಿ ಚಿತ್ರವೇ ಕೆತ್ತಿಹೋಗಿರುತ್ತದೆ.

ಹೆಜ್ಜೆ 5: ಎರಡು ಪ್ರತಿಗಳಿಂದ ಒಂದು ಚಿತ್ರ

ಎರಡೂ ಸ್ಕ್ಯಾನುಗಳನ್ನು ಒಂದರ ಕೆಳಗೊಂದು ಟೈಮ್‌ಲೈನಿನಲ್ಲಿ ಇಟ್ಟು ಶಾಟಿನಿಂದ ಶಾಟಿಗೆ ಹೋಲಿಸಿ. ಪ್ರೊಜೆಕ್ಟರಿನಲ್ಲಿ ಹರಿದಾಗಲೆಲ್ಲ ಒಂದೆರಡು ಫ್ರೇಮು ಕತ್ತರಿಸಿ ಅಂಟಿಸಿರುತ್ತಾರೆ. ನೋಡುವವರಿಗೆ ಅದು ಸಣ್ಣ ನೆಗೆತ. ಮಾತಿನ ನಡುವೆ ಬಿದ್ದರೆ ಒಂದು ಪದವೇ ಹೋಗುತ್ತದೆ. ಆ ಫ್ರೇಮುಗಳನ್ನು ಇನ್ನೊಂದು ಪ್ರತಿಯಿಂದ ತರಬೇಕು. ತಂದದ್ದನ್ನು ಅಳತೆ, ಕಾಂಟ್ರಾಸ್ಟ್, ಕಣಗಳ (ಫಿಲ್ಮಿನ ಬೆಳ್ಳಿಯ ಚುಕ್ಕೆಗಳ) ಗಾತ್ರ ಮೂರರಲ್ಲೂ ಅಕ್ಕಪಕ್ಕದ ಫ್ರೇಮಿಗೆ ಹೊಂದಿಸಬೇಕು. ಇಲ್ಲದಿದ್ದರೆ ಹಳೆಯ ಸೀರೆಗೆ ಹೊಸ ಬಟ್ಟೆಯ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ.

ಅಚ್ಚಾದ ಉಪಶೀರ್ಷಿಕೆಗೂ ಇದೇ ದಾರಿ: ಅಕ್ಷರ ಮುಚ್ಚಿದ ಜಾಗವನ್ನು ಅಕ್ಷರವಿಲ್ಲದ ಪ್ರತಿಯಿಂದ ಎರವಲು ತರುವುದು, ಸಿಗದಿದ್ದರೆ ಅಕ್ಷರ ಬರುವ ಹಿಂದಿನ ಅಥವಾ ಹೋದ ಮೇಲಿನ ಫ್ರೇಮಿನಿಂದ ತುಂಬುವುದು. ನಿಂತ ಗೋಡೆಯಾದರೆ ಸಲೀಸು. ಅಲ್ಲಾಡುವ ಕೋಟಿನ ಮಡಿಕೆಯ ಮೇಲೆ ಅಕ್ಷರ ಕೂತಿದ್ದರೆ ಒಂದು ಸಾಲು ತೆಗೆಯಲು ಇಡೀ ದಿನ ಹಿಡಿಯುತ್ತದೆ.

ಯಾವ ಶಾಟ್ ಎಲ್ಲಿಂದ ಬಂತು ಎಂದು ದಾಖಲೆ ಇಡಿ. ನಾಳೆ ಇನ್ನೂ ಒಳ್ಳೆಯ ಪ್ರತಿ ಸಿಕ್ಕರೆ ಕೆಲಸ ಮುಂದುವರಿಸುವವರಿಗೆ ಅದು ಬೇಕು.

ಹೆಜ್ಜೆ 6: ಡಿಜಿಟಲ್ ಶುಚಿ

ಫೀನಿಕ್ಸ್, ಡಯಮಂಟ್, ಪಿಎಫ್‌ಕ್ಲೀನ್‌ನಂಥ ಸಾಫ್ಟ್‌ವೇರುಗಳು ಧೂಳನ್ನು ಗುರುತಿಸುವ ಬಗೆ ಸರಳ: ಹಿಂದಿನ ಫ್ರೇಮಿನಲ್ಲಿ ಇಲ್ಲ, ಮುಂದಿನದರಲ್ಲೂ ಇಲ್ಲ, ಇದೊಂದರಲ್ಲಿ ಮಾತ್ರ ಇದೆ ಎಂದರೆ ಅದು ಧೂಳು. ಆದರೆ ಒಂದೇ ಫ್ರೇಮಿನಲ್ಲಿ ಬಂದು ಹೋಗುವುದು ಧೂಳೊಂದೇ ಅಲ್ಲ. ನಾನು ಈ ಕೆಲಸ ಕಲಿಯುತ್ತಿದ್ದಾಗ ಒಂದು ಹಳೆಯ ಚಿತ್ರದ ಮಳೆಯ ದೃಶ್ಯದ ಮೇಲೆ ಫಿಲ್ಟರನ್ನು ಜೋರಾಗಿ ಹಾಕಿ ರಾತ್ರಿಯಿಡೀ ಓಡಲು ಬಿಟ್ಟು ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ನಾಯಕಿ ನೆನೆಯುತ್ತಿದ್ದಾಳೆ, ಮಳೆ ಇಲ್ಲ. ಬಿದ್ದ ಹನಿಗಳನ್ನೆಲ್ಲ ಯಂತ್ರ ಧೂಳೆಂದು ಗುಡಿಸಿಹಾಕಿತ್ತು. ಆ ಬೆಳಗಿನಿಂದ ಇಂದಿನವರೆಗೆ ಮಳೆ, ಕಿಡಿ, ಸಿಗರೇಟಿನ ಬೂದಿ, ಕಾರಿನ ದೀಪದ ಮಿಂಚು ಇರುವ ಶಾಟುಗಳನ್ನು ಕೈಯಿಂದಲೇ ಮಾಡುತ್ತೇನೆ. ‘ಡೀಟೂರ್’ನಲ್ಲೂ ಅಲ್ ಮಳೆಯಲ್ಲಿ ಕಾರು ನಿಲ್ಲಿಸಿ ಟಾಪ್ (ಮಡಚುವ ಮೇಲ್ಹೊದಿಕೆ) ಎಳೆಯುವ ದೃಶ್ಯವಿದೆ. ಕಥೆ ತಿರುಗುವುದೇ ಅಲ್ಲಿ. ಅಲ್ಲಿ ಒಂದು ಹನಿಯೂ ಕಳೆಯಬಾರದು.

ಇನ್ನು ಮಚ್ಚೆಗಳ ಮಾತು. ಈ ಚಿತ್ರದಲ್ಲಿ ಅವು ಬೇಕಾದಷ್ಟಿವೆ.

ಚಿತ್ರದ ಎಷ್ಟೋ ದೃಶ್ಯಗಳು ನಡೆಯುವುದು ಕಾರಿನೊಳಗೆ. ಅಲ್ ಪಾತ್ರದ ಟಾಮ್ ನೀಲ್, ದಾರಿಯಲ್ಲಿ ಅವನ ಜೊತೆಯಾಗುವ ವೆರಾ ಪಾತ್ರದ ಆ್ಯನ್ ಸ್ಯಾವೇಜ್ ಸ್ಟುಡಿಯೊದಲ್ಲೇ ಕೂತಿದ್ದಾರೆ. ಹಿಂದಿನ ಪರದೆಯ ಮೇಲೆ ಮೊದಲೇ ಶೂಟ್ ಮಾಡಿದ ರಸ್ತೆ ಓಡುತ್ತಿದೆ. ಬ್ಯಾಕ್ ಪ್ರೊಜೆಕ್ಷನ್ ಎನ್ನುತ್ತೇವಲ್ಲ, ಅದು. ಪರದೆಯ ಮೇಲಿನ ರಸ್ತೆ ಸ್ವಲ್ಪ ಮಬ್ಬು, ಕಣ ಹೆಚ್ಚು, ಮುಂದಿರುವ ಕಾರಿಗಿಂತ ಬೇರೆಯೇ ಲಯದಲ್ಲಿ ಅದುರುತ್ತದೆ. ಇಡೀ ಫ್ರೇಮು ಅದುರುತ್ತಿದ್ದರೆ ಅದು ಕುಗ್ಗಿದ ಫಿಲ್ಮಿನ ದೋಷ, ಸ್ಥಿರಗೊಳಿಸಿ. ಹಿಂದಿನ ರಸ್ತೆ ಮಾತ್ರ ಅದುರಿದರೆ ಅದು 1945ರಲ್ಲೇ ಹಾಗಿತ್ತು, ಬಿಟ್ಟುಬಿಡಿ. ಮುಂಭಾಗದ ಬಾಗಿಲಿನ ಅಂಚನ್ನೋ ಸ್ಟೀರಿಂಗನ್ನೋ ಆಧಾರ ಇಟ್ಟುಕೊಂಡು ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ.

ಅಲ್ ರಸ್ತೆಯಲ್ಲಿ ಕೈಯೊಡ್ಡಿ ನಿಲ್ಲುವ ಕೆಲವು ಶಾಟುಗಳಲ್ಲಿ ಕಾರುಗಳು ರಸ್ತೆಯ ಎಡಗಡೆ ಓಡುತ್ತವೆ, ಸ್ಟೀರಿಂಗ್ ಬಲಗಡೆ ಇರುತ್ತದೆ. ನಮಗೆ ಇದು ಸಹಜವಾಗಿ ಕಾಣುತ್ತದೆ, ಆದರೆ ಕಥೆ ನಡೆಯುವುದು ಅಮೆರಿಕದಲ್ಲಿ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವನು ಪರದೆಯ ಮೇಲೆ ಬಲದಿಂದ ಎಡಕ್ಕೇ ಸಾಗಬೇಕೆಂದು ನೆಗೆಟಿವನ್ನೇ ಮಗುಚಿಬಿಟ್ಟಿದ್ದಾರೆ. ಇದನ್ನು ತಪ್ಪೆಂದು ತಿಳಿದು ತಿರುಗಿ ಮಗುಚಿದರೆ ಅಲ್‌ನ ಪಯಣದ ದಿಕ್ಕೇ ಕೆಡುತ್ತದೆ.

ರೀಲಿನ ಕೊನೆಯಲ್ಲಿ ಬಲ ಮೇಲ್ಮೂಲೆಯಲ್ಲಿ ಮಿಂಚುವ ದುಂಡು ಗುರುತುಗಳು ಪ್ರೊಜೆಕ್ಟರ್ ಬದಲಿಸಲು ಆಪರೇಟರಿಗೆ ಕೊಟ್ಟ ಸನ್ನೆ. ಇಡುವುದೋ ತೆಗೆಯುವುದೋ ಎಂಬಲ್ಲಿ ಎರಡು ಅಭಿಪ್ರಾಯಗಳಿವೆ. ಮನೆಯ ಡಿಸ್ಕಿಗೆ ತೆಗೆಯಬಹುದು ಎನ್ನುವವನು ನಾನು.

ಕಣಗಳ ವಿಷಯದಲ್ಲಿ ಮಾತ್ರ ನನಗೆ ಎರಡು ಮಾತಿಲ್ಲ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಕಣವೇ ಚಿತ್ರ. ಬೆಳ್ಳಿಯ ಆ ಚುಕ್ಕೆಗಳನ್ನು ಬಿಟ್ಟು ಅಲ್ಲಿ ಬೇರೇನೂ ಇಲ್ಲ. ನಾಯ್ಸ್ ರಿಡಕ್ಷನ್ ಹಾಕಿ ಅದನ್ನು ಒರೆಸಿದರೆ ಮುಖ ಮೇಣದ ಗೊಂಬೆಯಾಗುತ್ತದೆ. ಆ್ಯನ್ ಸ್ಯಾವೇಜ್ ಅವರ ಕೆದರಿದ ಕೂದಲು, ಮೇಕಪ್ಪಿಲ್ಲದಂಥ ಒಣ ಚರ್ಮ, ದುರುಗುಟ್ಟುವ ನೋಟ ಇಲ್ಲದೆ ಆ ಪಾತ್ರವೇ ಇಲ್ಲ.

ಹೆಜ್ಜೆ 7: ಗ್ರೇಡಿಂಗ್

ಕೋಣೆ ಕತ್ತಲಿರಲಿ. ಮಾನಿಟರ್ 100 ನಿಟ್ಸ್ (ಬೆಳಕಿನ ಅಳತೆ) ಬೆಳಕಿಗೆ, 2.4 ಗಾಮಾಕ್ಕೆ (ಕಪ್ಪಿನಿಂದ ಬಿಳಿಗೆ ಏರುವ ಬಗೆಯ ಅಳತೆ) ಹೊಂದಿಸಿರಲಿ. ಮೊದಲು ಇಡೀ ಚಿತ್ರದಲ್ಲಿ ಅತ್ಯಂತ ಕಪ್ಪಾದ ಶಾಟ್ ಯಾವುದು, ಅತ್ಯಂತ ಬೆಳಗಿದ್ದು ಯಾವುದು ಎಂದು ಹುಡುಕಿ ಅವೆರಡನ್ನು ನಿಲ್ಲಿಸಿಕೊಳ್ಳಿ. ಉಳಿದದ್ದೆಲ್ಲ ಅವುಗಳ ನಡುವೆ ಕೂರಬೇಕು.

ಫಿಲ್ಮ್ ಹಳತಾದಾಗ ಬೆಳಕು ಮಿಣಮಿಣ ಎನ್ನುತ್ತದೆ. ಅದಕ್ಕೆ ಡಿಫ್ಲಿಕರ್ ಎಂಬ ಸಾಧನವಿದೆ, ಬಳಸಿ. ಆದರೆ ನೆವಾಡದ ಹೋಟೆಲಿನ ದೃಶ್ಯಕ್ಕೆ ಬಂದಾಗ ಕೈ ತೆಗೆಯಿರಿ. ಅಲ್ ಕೌಂಟರಿನ ಮುಂದೆ ಕೂತಿದ್ದಾನೆ, ಜೂಕ್‌ಬಾಕ್ಸಿನಲ್ಲಿ ಹಳೆಯ ಹಾಡು ಶುರುವಾಗಿದೆ. ಕ್ಯಾಮೆರಾ ಅವನ ಮುಖದ ಹತ್ತಿರ ಬರುತ್ತಿದ್ದಂತೆ ಸುತ್ತಲಿನ ದೀಪ ಕುಂದುತ್ತದೆ, ಕಣ್ಣಿನ ಮೇಲೆ ಮಾತ್ರ ಬೆಳಕಿನ ಪಟ್ಟಿ ಉಳಿಯುತ್ತದೆ. ಮುಂದಿರುವ ಕಾಫಿಯ ಲೋಟ ದೊಡ್ಡದಾಗಿ ಎದ್ದು ನಿಲ್ಲುತ್ತದೆ. ಅವನು ನೆನಪಿನೊಳಗೆ ಇಳಿಯುವುದು ಆ ಕತ್ತಲೆಯ ಮೂಲಕ. ಯಂತ್ರಕ್ಕೆ ಇದು ತಿಳಿಯುವುದಿಲ್ಲ. ಬೆಳಕು ಇಳಿಯಿತು, ಸರಿಮಾಡೋಣ ಎಂದು ಎತ್ತಿಬಿಡುತ್ತದೆ. ಛಾಯಾಗ್ರಾಹಕ ಬೆಂಜಮಿನ್ ಕ್ಲೈನ್ ದೀಪ ಇಳಿಸಿದ್ದನ್ನು ನಾವು ಮತ್ತೆ ಏರಿಸಿದರೆ ಅಲ್ಲಿ ಉಳಿಯುವುದು ಹೋಟೆಲಿನಲ್ಲಿ ಸುಮ್ಮನೆ ಕೂತ ಒಬ್ಬ ಗಿರಾಕಿ ಮಾತ್ರ.

ನ್ಯೂಯಾರ್ಕಿನ ಬೀದಿಯ ಮಂಜೂ ಹಾಗೆಯೇ. ಬೀದಿಯ ಸೆಟ್ ಹಾಕಲು ದುಡ್ಡಿಲ್ಲದೆ ಹೊಗೆ ತುಂಬಿ, ನಡುವೆ ಬೀದಿಯ ಹೆಸರಿನ ಫಲಕ ತೋರಿಸಿ ದಾಟಿಸಿದ್ದಾರೆ. ಕಾಂಟ್ರಾಸ್ಟ್ ಏರಿಸಿ ಮಂಜು ಸೀಳಿದರೆ ಹಿಂದೆ ಕಾಣುವುದು ಖಾಲಿ ಗೋಡೆ. ಬಡತನದಿಂದ ಹುಟ್ಟಿದ ಆ ಮಂಜಿನಲ್ಲೇ ಪ್ರೇಮಿಗಳಿಬ್ಬರೂ ದೂರವಾಗುವುದು ಕಾಣುತ್ತದೆ. ನನಗೆ ಈ ಚಿತ್ರದಲ್ಲಿ ಅತ್ಯಂತ ಇಷ್ಟವಾದ ಜಾಗ ಅದು.

ಹೆಜ್ಜೆ 8: ಧ್ವನಿ

ಆಪ್ಟಿಕಲ್ ಟ್ರ್ಯಾಕ್ (ಫಿಲ್ಮಿನ ಮೇಲಿನ ಧ್ವನಿಯ ಪಟ್ಟಿ) ಚಿತ್ರದ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಆದರೆ ತನ್ನ ಫ್ರೇಮಿಗಿಂತ ಸುಮಾರು 20 ಫ್ರೇಮು ಮುಂದೆ. ಆದ್ದರಿಂದ ಒಂದು ಕಡೆ ಫಿಲ್ಮ್ ಕತ್ತರಿಸಿದರೆ ಚಿತ್ರ ಅಲ್ಲೇ ನೆಗೆಯುತ್ತದೆ, ಧ್ವನಿ ಮುಗ್ಗರಿಸುವುದು ಮುಕ್ಕಾಲು ಸೆಕೆಂಡಿಗೂ ಸ್ವಲ್ಪ ತಡವಾಗಿ. ತೇಪೆ ಹಾಕುವಾಗ ಇದನ್ನು ಮರೆತು ಗಂಟೆಗಟ್ಟಲೆ ತಡಕಾಡಿದವರನ್ನು ನೋಡಿದ್ದೇನೆ. ಟಕ್ ಎನ್ನುವ ಸದ್ದು, ಜಾಯಿಂಟಿನ ಧಡ್ ಸದ್ದು, ಗುಂಯ್‌ಗುಡುವ ಹಮ್ ತೆಗೆಯಿರಿ. ‘ಸ್ಸ್’ ಎನ್ನುವ ಹಿಸ್ಸನ್ನು ತಗ್ಗಿಸಿ, ಪೂರ್ತಿ ಒರೆಸಬೇಡಿ. ಈ ಕಥೆಯನ್ನು ಅಲ್ ತಾನೇ ನಮ್ಮ ಕಿವಿಯಲ್ಲಿ ಹೇಳುತ್ತಾನೆ. ಹಿಸ್ಸಿನ ಜೊತೆ ಆ ಧ್ವನಿಯ ಉಸಿರೂ ಹೋಗಬಾರದು. ಮಾನೊ (ಒಂದೇ ವಾಹಿನಿಯ ಧ್ವನಿ) ಚಿತ್ರಕ್ಕೆ ಮಾನೊ ಸಾಕು, ಸುತ್ತಲಿಂದ ಕೇಳಿಸುವ 5.1 ಬೇಡ.

ಹೆಜ್ಜೆ 9: ಡಿಸ್ಕು

ಬ್ಲೂ-ರೇಯ ಚೌಕಟ್ಟು 1920 × 1080. ಆ ಕಾಲದ ಚಿತ್ರದ ಅಗಲ-ಎತ್ತರದ ಅನುಪಾತ 1.37:1, ಅಂದರೆ ಸುಮಾರು 1480 ಪಿಕ್ಸೆಲ್ ಅಗಲ. ಎಡಬಲಕ್ಕೆ ಕಪ್ಪು ಪಟ್ಟಿ ಬರಲಿ. ಪರದೆ ತುಂಬಿಸಲು ಎಳೆಯಬೇಡಿ, ತಲೆ ಕತ್ತರಿಸಬೇಡಿ. ಸೆಕೆಂಡಿಗೆ 35 ಮೆಗಾಬಿಟ್ ಕೊಟ್ಟರೂ 69 ನಿಮಿಷಕ್ಕೆ ಸುಮಾರು 18 ಜಿಬಿ. 25 ಜಿಬಿ ಡಿಸ್ಕಿನಲ್ಲಿ ಕೂರುತ್ತದೆ. ಪೂರಕ ಸಾಮಗ್ರಿ ಸೇರಿಸುವುದಾದರೆ 50 ಜಿಬಿ ತೆಗೆದುಕೊಳ್ಳಿ, ಚಿತ್ರದ ಪಾಲನ್ನು ಕಿತ್ತುಕೊಳ್ಳಬೇಡಿ. ಬ್ಲೂ-ರೇ ಕಪ್ಪು-ಬಿಳಿಯ ನಡುವೆ ಛಾಯೆಗಳು ಕಡಿಮೆಯಿರುವ 8 ಬಿಟ್‌ನದು. ಮಂಜು, ಹೊಗೆ, ಗೋಡೆಯ ಮೇಲೆ ಮೆಲ್ಲಗೆ ಜಾರುವ ನೆರಳು ಇರುವ ಕಡೆ ಬಿಟ್ ಕಡಿಮೆ ಬಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣುತ್ತದೆ. ಕಣ ಉಳಿಸಿಕೊಂಡವರಿಗೆ ಇಲ್ಲಿ ಫಲ ಸಿಗುತ್ತದೆ. ಕಣಗಳೇ ಆ ಪಟ್ಟೆಗಳನ್ನು ಒಡೆದು ಮರೆಮಾಡುತ್ತವೆ.

ರೀಜನ್ ಕೋಡ್ (ಯಾವ ಪ್ರದೇಶದ ಪ್ಲೇಯರಿನಲ್ಲಿ ಡಿಸ್ಕು ಓಡಬೇಕೆಂಬ ಬೀಗ) ಮರೆಯಬೇಡಿ. ಬ್ಲೂ-ರೇಗೆ ಭಾರತ ಸಿ, ಅಮೆರಿಕ ಎ. ಅಲ್ಲಿಂದ ತರಿಸಿದ ಡಿಸ್ಕು ಇಲ್ಲಿನ ಪ್ಲೇಯರಿನಲ್ಲಿ ಓಡದೆ ಕೈಕೊಡುವುದು ಇದಕ್ಕೇ. ನೀವೇ ಡಿಸ್ಕು ಮಾಡುತ್ತಿದ್ದರೆ ಎಲ್ಲ ರೀಜನ್ನಿಗೂ ತೆರೆದಿಡಿ.

ಹೆಜ್ಜೆ 10: ಮನೆಯ ಟಿವಿಯಲ್ಲಿ ನೋಡಿ

ಸ್ಟುಡಿಯೊದಲ್ಲಿ ಸರಿಯಾಗಿ ಕಂಡದ್ದು ಸಾಲದು. ಡಿಸ್ಕನ್ನು ಸಾಧಾರಣ ಟಿವಿಯೊಂದರಲ್ಲಿ ಹಾಕಿ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿ. ನೋಡುವವರಿಗೂ ಈ ಮಾತು: ಮೋಷನ್ ಸ್ಮೂದಿಂಗ್, ನಾಯ್ಸ್ ರಿಡಕ್ಷನ್, ಡೈನಮಿಕ್ ಕಾಂಟ್ರಾಸ್ಟ್ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನೇ ಒತ್ತಿ. ಟ್ಯೂಬ್‌ಲೈಟ್ ಆರಿಸಿ.

ಹೆಜ್ಜೆ 11: ರೀಲನ್ನು ವಾಪಸು ಕಳಿಸಿ

ಡಿಸ್ಕು ಬಂದಿತೆಂದು ಫಿಲ್ಮನ್ನು ಮೂಲೆಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಏನೂ ಅಳಿಸದ ಮೂಲ ಸ್ಕ್ಯಾನನ್ನು ಎರಡು ಎಲ್‌ಟಿಒ ಟೇಪುಗಳಿಗೆ (ಕಂಪ್ಯೂಟರ್ ಕಡತಗಳನ್ನು ಕಾಪಿಡುವ ಟೇಪು) ಬರೆದು ಎರಡು ಬೇರೆ ಊರುಗಳಲ್ಲಿ ಇಡಿ. ನಿಮ್ಮ ನೋಟುಪುಸ್ತಕದ ಪ್ರತಿ ಅದರ ಜೊತೆಗಿರಲಿ. ರೀಲು ತಣ್ಣನೆಯ, ಒಣಗಿದ ಉಗ್ರಾಣಕ್ಕೆ ಹೋಗಲಿ. ನೈಟ್ರೇಟ್ ಆದರೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ತುಕ್ಕು ಹಿಡಿದ ಹಳೆಯ ಡಬ್ಬಿ ಬದಲಿಸಿ, ಹೊಸ ಡಬ್ಬಿಯ ಮೇಲೆ ಚಿತ್ರದ ಹೆಸರು, ರೀಲಿನ ಸಂಖ್ಯೆ, ಇಂದಿನ ತಾರೀಖು, ವಾಸನೆ ಇತ್ತೋ ಇಲ್ಲವೋ ಎಂಬುದನ್ನು ಬರೆಯಿರಿ. ಹಳೆಯ ಡಬ್ಬಿಯ ಮೇಲೆ ಯಾರೋ ಕೈಯಲ್ಲಿ ಬರೆದ ಚೀಟಿ ಇದ್ದರೆ ಅದನ್ನು ಮೆಲ್ಲಗೆ ಬಿಡಿಸಿ, ಕಾಗದದ ಲಕೋಟೆಗೆ ಹಾಕಿ, ರೀಲಿನ ದಾಖಲೆಯ ಜೊತೆ ಇಡಿ.